ದುಂಡೋ, ಮೊಟ್ಟೆಯೋ

ಪರಮಾಣುವಿನ ಬೀಜ ದುಂಡಗಿದೆಯೋ, ಮೊಟ್ಟೆಯ ಹಾಗಿದೆಯೋ ಎಂದು ಜಗಳವಾಡಿ ಹೊಟ್ಟೆ ಹೊರೆಯುವ ಜನರೂ ಲೋಕದಲ್ಲಿದ್ದಾರೆ. ಈ ಸೊಸೆ ಅಂಥವಳು. ಅವಳದು ಮೊಟ್ಟೆ ಪಕ್ಷ. ಪ್ರಯೋಗಾಲಯದ ಹಿರಿಯರದು ದುಂಡು ಪಕ್ಷ. ಆಳು ಕಡ್ಡಿಯಂತಿದ್ದರೂ ಬೆನ್ನ ಹಿಂದೆ ಎಲ್ಲರ ಬಾಯಲ್ಲಿ ಅವರು ದುಂಡು ಮೇಷ್ಟ್ರು.

ಆ ಬೀಜವನ್ನು ಯಾರೂ ಕಣ್ಣಾರೆ ಕಂಡಿಲ್ಲ. ಆದರೆ ಭಾರದ, ಬಾಳಿಕೆ ಬರದ ಪರಮಾಣು ಒಡೆಯುವಾಗ ಕಣ್ಣಿಗೆ ಕಾಣದ ಬೆಳಕೊಂದು ಚಿಮ್ಮುತ್ತದೆ. ಮಡಕೆ ತಟ್ಟಿ ಅದರ ಗುಣ ಹೇಳುವಂತೆ ಆ ಬೆಳಕಿನ ಬಲ ನೋಡಿ ಬೀಜದ ಆಕಾರ ಹೇಳಬಹುದು. ದೊಡ್ಡ ಯಂತ್ರವೊಂದು ಅಂಥ ಪರಮಾಣುಗಳನ್ನು ಹುಟ್ಟಿಸಿ ತಗಡಿನ ಚೂರಿಗೆ ಅಂಟಿಸಿ ಕೊಡುತ್ತದೆ. ಅವುಗಳ ಆಯುಸ್ಸು ಕೆಲವೇ ನಿಮಿಷ. ಅಷ್ಟರಲ್ಲಿ ಓಡಿಬಂದು, ಸೀಸದ ಇಟ್ಟಿಗೆಗಳ ನಡುವೆ ಕೂತ ಪತ್ತೆಯಂತ್ರದ ಮುಂದೆ ತಗಡನ್ನಿಡಬೇಕು. ಒಂದೇ ಬಲದ ಬೆಳಕು ಮತ್ತೆ ಮತ್ತೆ ಬಿದ್ದರೆ ಪರದೆಯ ಮೇಲೆ ಬೆಟ್ಟ ಏಳುತ್ತದೆ. ಬೀಜ ಮೊಟ್ಟೆಯಾದರೆ ಬೆಟ್ಟ ಎಲ್ಲೇಳಬೇಕೆಂದು ಸೊಸೆ ಲೆಕ್ಕ ಹಾಕಿ ಕೆಂಪು ಗುರುತಿಟ್ಟಿದ್ದಳು. ಇವತ್ತು ಅಲ್ಲಿ ಏನೂ ಏಳದಿದ್ದರೆ ಯಂತ್ರ ಬೇರೆಯವರ ಪಾಲು. ಇಷ್ಟು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಅತ್ತೆಯ ಸೊಂಟದ ಮೂಳೆ ಪರೀಕ್ಷೆಯೂ ಇವತ್ತೇ ಬಿದ್ದಿತ್ತು. ಗಂಡ ಊರಲ್ಲಿರಲಿಲ್ಲ. ಬೆಳಿಗ್ಗೆ ಆಸ್ಪತ್ರೆಯವರು ತೋಳಿಗೆ ಸೂಜಿಮದ್ದು ಚುಚ್ಚಿ, "ನೀರು ಚೆನ್ನಾಗಿ ಕುಡಿಸಿ. ಮೂರು ಗಂಟೆ ಬಿಟ್ಟು ಕರ್ಕೊಂಡ್ಬನ್ನಿ, ಫೋಟೋ ತೆಗೀತೀವಿ" ಎಂದರು. ಸೊಸೆ ಅತ್ತೆಯನ್ನು ನೇರವಾಗಿ ಪತ್ತೆಯಂತ್ರದ ಕೋಣೆಗೇ ಕರೆತಂದು ಮೂಲೆಯಲ್ಲಿ ಕುರ್ಚಿ ಹಾಕಿದಳು. ಅತ್ತೆ ಕುರ್ಚಿ ಎಳೆದುಕೊಂಡು, ತಣ್ಣನೆ ಗಾಳಿ ಬರುವ ಕಡೆ, ಪತ್ತೆಯಂತ್ರದ ಬಾಯಿಗೆ ಎದುರಾಗಿ ಕೂತರು.

"ಇಷ್ಟೊಂದು ಓದಿ ಇಟ್ಟಿಗೆ ಕಾಯೋ ಕೆಲಸಾನಾ ನಿಂದು?"

"ಇಟ್ಟಿಗೆ ಅಲ್ಲ ಅತ್ತೆ, ಒಳಗಿರೋದನ್ನ. ಅದು ಮೊಟ್ಟೆ ಥರ ಇದೆ ಅಂತ ನಾನು, ದುಂಡಗಿದೆ ಅಂತ ಮೇಷ್ಟ್ರು."

"ಒಡೆದು ನೋಡಿದ್ರೆ ಆಯ್ತಪ್ಪ."

"ಅದೇ ತಾನಾಗಿ ಒಡೆಯುತ್ತೆ. ಅದನ್ನೇ ಕಾಯ್ತಿರೋದು."

ಕಾದದ್ದು ವ್ಯರ್ಥವಾಗಲಿಲ್ಲ. ಕೆಂಪು ಗುರುತಿನ ಮೇಲೆ ಬೆಟ್ಟ ಎದ್ದಿತು, ಅದೂ ಎಂಥದು, ಪರದೆಯ ನೆತ್ತಿ ಮುಟ್ಟುವಂಥದು. ದುಂಡು ಮೇಷ್ಟ್ರು ಬಂದು ಕನ್ನಡಕ ಒರೆಸಿ ಒರೆಸಿ ನೋಡಿದರು.

"ನೀನೇ ಗೆದ್ದೆ ಕಣಮ್ಮ. ಮೇಲಿನವರಿಗೆ ಫೋನ್ ಮಾಡಿ ಹೇಳ್ಬಿಡ್ತೀನಿ" ಎಂದು ಸಪ್ಪಗೆ ಹೊರಟರು.

ಅತ್ತೆಯೂ ಎದ್ದರು. "ನೀರು ಕುಡಿಸಿ ಕುಡಿಸಿ ನನ್ನ ಕೆರೆ ಮಾಡಿದೀಯ. ಹೋಗ್ಬರ್ತೀನಿ."

ಅತ್ತೆ ಅತ್ತ ಹೋದರು, ಇತ್ತ ಬೆಟ್ಟ ಬೆಳೆಯುವುದು ನಿಂತಿತು. ತಗಡು ಹಳೆಯದಾಯಿತೇನೋ ಎಂದು ಸೊಸೆ ಹೊಸದನ್ನು ತಂದಿಟ್ಟಳು. ಬೆಟ್ಟ ಕಣ್ಣಿಗೆ ಕಾಣುವಷ್ಟು ಅಲುಗಲಿಲ್ಲ. ಅತ್ತೆ ಬಂದು ಉಸ್ಸೆಂದು ಕೂತದ್ದೇ ತಡ, ಮತ್ತೆ ಏರತೊಡಗಿತು. ಸೊಸೆ ತಗಡನ್ನೇ ತೆಗೆದು ಆಚೆಗಿಟ್ಟಳು. ಆಗಲೂ ಏರುತ್ತಲೇ ಇತ್ತು.

ಅವಳ ಕಣ್ಣು ಅತ್ತೆಯ ತೋಳಿಗಂಟಿದ್ದ ಹತ್ತಿಯ ಮೇಲೆ ಬಿತ್ತು. ಆ ಸೂಜಿಮದ್ದೂ ಇವಳ ಪರಮಾಣುಗಳ ದಾಯಾದಿಯೇ. ಮೂಳೆಯಲ್ಲಿ ಕೂತು ಬೆಳಕು ಚಿಮ್ಮಿದರೆ ತಾನೇ ಫೋಟೋ ಮೂಡುವುದು. ಆ ಬೆಳಕಿನ ಜಾಗ ಕೆಂಪು ಗುರುತಿಗೆ ಕೂದಲೆಳೆಯಷ್ಟು ಪಕ್ಕ. ಗೋಡೆಯ ಸಿಮೆಂಟಿನಿಂದಲೂ ಅಂಥ ಬೆಳಕು ಬಂದೀತೆಂದು ಅನುಮಾನಿಸುವ ಜಾಣೆ, ಮನೆಯವರನ್ನು ಅನುಮಾನಿಸಿರಲಿಲ್ಲ.

ಬಾಯಿ ಮುಚ್ಚಿಕೊಂಡರೆ ಯಂತ್ರ ಅವಳದು. ಪರದೆಯ ಬೆಟ್ಟವನ್ನು ಇನ್ನೊಮ್ಮೆ ಆಸೆಯಿಂದ ನೋಡಿದಳು. ಆಮೇಲೆ ಓಡಿದಳು. ಮೇಲಿನವರ ಫೋನು ಸಿಗದೆ ಮೇಷ್ಟ್ರು ಇನ್ನೂ ಒತ್ತುತ್ತಲೇ ಇದ್ದರು.

"ಸರ್, ಫೋನ್ ಇಡಿ. ಆ ಬೆಟ್ಟ ನಮ್ಮತ್ತೇದು."

ವಿಷಯ ಕೇಳಿದ ಮೇಷ್ಟ್ರು ಗೋಡೆ ಹಿಡಿದುಕೊಂಡು ನಕ್ಕರು. ಅತ್ತೆಯನ್ನು ಅಂಗಳದ ಕಲ್ಲುಬೆಂಚಿಗೆ ಸಾಗಿಸಿದ್ದಾಯಿತು.

"ನಾನೇನು ಮಾಡ್ದೆ?"

"ಕೂತಿದ್ರಿ ಅತ್ತೆ, ಅಷ್ಟೇ."

ಪರದೆಯ ಬೆಟ್ಟ ಅಳಿಸಿ, ಒಂದಾದ ಮೇಲೊಂದು ತಗಡಿಟ್ಟು ಮೊದಲಿಂದ ಎಣಿಸಿದರು. ಅತ್ತೆಯ ಬೆಟ್ಟ ಹೋದ ಕಡೆ, ಸರಿಯಾಗಿ ಗುರುತಿನ ಮೇಲೆ, ಇರುವೆಗೂಡಿನಷ್ಟು ಉಬ್ಬೊಂದು ಕಂಡಿತು. ತಗಡು ಹಳತಾದಾಗ ಬೆಳೆಯುವುದು ನಿಲ್ಲಿಸಿ, ಹೊಸದಿಟ್ಟಾಗ ಬೆಳೆಯಿತು.

"ಇಷ್ಟಕ್ಕೆಲ್ಲ ನಾನು ಮೊಟ್ಟೆ ಅಂತ ಒಪ್ಪಲ್ಲ," ಎಂದರು ಮೇಷ್ಟ್ರು. "ಆದ್ರೆ ನೀನು ಸುಮ್ನಿದ್ದಿದ್ರೆ ನಾನು ಎಲ್ಲರೆದುರು ಮಂಗ ಆಗ್ತಿದ್ದೆ. ನಾಳೆ ಯಂತ್ರ ನನ್ನ ಪಾಲಿಗಿದೆ. ನೀನೇ ಇಟ್ಕೋ."

ಆಸ್ಪತ್ರೆಯ ದಾರಿಯಲ್ಲಿ ಅತ್ತೆ ಕೇಳಿದರು. "ಏನಂತೆ ಕೊನೆಗೆ?"

"ನಾಳೆ ಇನ್ನೊಂದ್ಸಲ ನೋಡ್ಬೇಕು."

"ಹಾಗಾದ್ರೆ ನಾಳೇನೂ ಬರ್ತೀನಿ. ಎಷ್ಟಂದ್ರೂ ನಾನಿದ್ದಾಗ ತಾನೇ ದೊಡ್ಡದು ಬಂದಿದ್ದು?"