ಮೂರನೇ ಸಾಲಿನ ಗೇಜು

ದ್ವಾರಕಾನಾಥರಿಗೆ ಜಂಬ ಇತ್ತು. ಇರಲಿಲ್ಲ ಎಂದು ಸುಳ್ಳು ಯಾಕೆ ಹೇಳಬೇಕು? ಸರ್ಕಾರಿ ಕಾರ್ಖಾನೆಯೊಂದರ ಟೂಲ್ ಸ್ಟೋರಿನ ಕಿಟಕಿಯಲ್ಲಿ ಮೂವತ್ತೊಂದು ವರ್ಷ ಕೂತು, ಕೇಳಿದವರಿಗೆ ಕೇಳಿದ ಸಾಮಾನನ್ನೇ ಕೊಟ್ಟವರು ಅವರು. ಒಂದೇ ಒಂದು ಸಲವೂ ತಪ್ಪಿಲ್ಲ ಎಂದು ನಾಗಸಂದ್ರದ ಮೆಟ್ರೋದಲ್ಲಿ ಮುಖಪರಿಚಯ ಇಲ್ಲದವರಿಗೂ ಹೇಳಿಬಿಡುತ್ತಿದ್ದರು. ಈ ಮಾತು ಶುರುವಾದರೆ ಹೆಂಡತಿ ಅಮ್ಮಣ್ಣಿ ಒಲೆಯ ಮೇಲೆ ಏನೋ ಇದೆಯೆಂದು ಎದ್ದು ಹೋಗುತ್ತಿದ್ದರು.

ನಿವೃತ್ತಿಯಾದ ಮೇಲೆ ಸುಮ್ಮನೆ ಕೂರುವ ಜೀವವೇ ಅದು? ಪೀಣ್ಯದಲ್ಲಿ ಶ್ರೀಧರ್ ಎಂಬವರ ವರ್ಕ್‌ಶಾಪಿನಲ್ಲಿ ಮತ್ತೆ ಟೂಲ್ ಸ್ಟೋರಿನ ಕಿಟಕಿ ಹಿಡಿದರು. ಅವರ ಕೈಯಲ್ಲಿ ಹೆಚ್ಚಾಗಿ ಓಡಾಡುತ್ತಿದ್ದದ್ದು ಪ್ಲಗ್ ಗೇಜುಗಳು, ಅಂದರೆ ಕೊರೆದ ತೂತಿನ ಅಳತೆ ಸರಿಯಿದೆಯೇ ಎಂದು ತೂರಿಸಿ ನೋಡುವ ಉಕ್ಕಿನ ಕಡ್ಡಿಗಳು. ಪ್ರತಿಯೊಂದರ ಮೈಮೇಲೂ ಅದರದೇ ನಂಬರು ಕೊರೆದಿರುತ್ತದೆ. ಸವೆದ ಗೇಜುಗಳನ್ನು ಅವರು ಕೆಂಪು ಪೆಟ್ಟಿಗೆಗೆ ಹಾಕಿ ಬೀಗ ಜಡಿದು, ಕೀಲಿಯನ್ನು ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದರು.

ಒಂದು ತಿಂಗಳ ಹಿಂದೆ ಅಲ್ಲಿಗೆ ಟಚ್ ಸ್ಕ್ರೀನ್ ಬಂತು. ಗೇಜು ಕೊಡುವಾಗ ಲಿಸ್ಟಿನಲ್ಲಿ ಅದರ ಸಾಲನ್ನು ಮುಟ್ಟಿದರೆ ಸಾಕು, ಯಾರಿಗೆ ಯಾವುದು ಹೋಯಿತು ಎಂಬ ದಾಖಲೆ ಶ್ರೀಧರರ ಕಂಪ್ಯೂಟರಿಗೆ ಹೋಗುತ್ತಿತ್ತು. ಕೆಂಪು ಪೆಟ್ಟಿಗೆಯ ಸವೆದ ಗೇಜುಗಳ ಸಾಲುಗಳೂ ಆ ಲಿಸ್ಟಿನಲ್ಲಿದ್ದವು. ಆ ಪ್ರೋಗ್ರಾಮನ್ನು ಬರೆದವಳು ಸ್ಪೂರ್ತಿ, ದಾವಣಗೆರೆ ಕಡೆಯ ಇಪ್ಪತ್ತಾರರ ಹುಡುಗಿ. ಅವಳಿಗೂ ಜಂಬ ಕಡಿಮೆಯೇನಿರಲಿಲ್ಲ. ಇದು ಹ್ಯಾಂಗ್ ಆಗೋದೇ ಇಲ್ಲ ಎಂದು ಮೊದಲ ದಿನವೇ ಸಾರಿ ಹೋಗಿದ್ದಳು. ನಿಜ ಹೇಳಬೇಕೆಂದರೆ ದ್ವಾರಕಾನಾಥರಿಗೆ ಆ ಹುಡುಗಿಯ ಮೇಲೆ ಅವತ್ತೇ ಅಭಿಮಾನ ಮೂಡಿತ್ತು.

ಹೀಗಿರುವಾಗ ಮಾಲು ಕೊಳ್ಳುವ ಕಂಪನಿಯ ಇನ್‌ಸ್ಪೆಕ್ಟರ್ ಸಂಗಮೇಶ್ ತಪಾಸಣೆಗೆ ಬಂದರು. ದಾಖಲೆ ನೋಡುತ್ತ ನೋಡುತ್ತ ಅವರ ಹುಬ್ಬು ಮೇಲೇರಿತು. ಹೋದ ಮಂಗಳವಾರ ದ್ವಾರಕಾನಾಥರು ಆಪರೇಟರ್ ಕೃಷ್ಣನಿಗೆ ಕೊಟ್ಟದ್ದು ಸವೆದು ತಿರಸ್ಕೃತವಾದ ಗೇಜು ಎಂದಿತ್ತು ಅದರಲ್ಲಿ. ಆ ಗೇಜಿನಿಂದ ಅಳೆದ ಮುನ್ನೂರು ಪೀಸುಗಳನ್ನು ತೆಗೆದುಕೊಳ್ಳುವುದಿಲ್ಲ ಎಂದುಬಿಟ್ಟರು ಸಂಗಮೇಶ್.

ದ್ವಾರಕಾನಾಥರು ಕೆಂಪು ಪೆಟ್ಟಿಗೆ ತೆರೆದು ಗೇಜು ಅಲ್ಲೇ ಇರುವುದನ್ನು ತೋರಿಸಿದರು. ಆಮೇಲೆ ವಾಪಸ್ ಇಟ್ಟಿರಬಹುದಲ್ಲ ಎಂದರು ಸಂಗಮೇಶ್. ಕೃಷ್ಣ ತನ್ನ ಶೀಟ್ ತಂದ. ಬಳಸಿದ ಗೇಜಿನ ನಂಬರನ್ನು ಅವನೇ ಬರೆದಿಟ್ಟಿದ್ದ, ಅದು ಒಳ್ಳೆಯ ಗೇಜಿನ ನಂಬರೇ ಆಗಿತ್ತು. ಕೈಬರಹವನ್ನು ಯಾರು ಬೇಕಾದರೂ ತಿದ್ದಬಹುದು, ಕಂಪ್ಯೂಟರ್ ಸುಳ್ಳು ಹೇಳುತ್ತದೆಯೇ ಎಂದು ಇನ್‌ಸ್ಪೆಕ್ಟರ್ ನಕ್ಕರು. ಎರಡನೇ ಪಾಳಿಯಲ್ಲಿ ಅದೇ ಕಿಟಕಿಯಲ್ಲಿ ಕೂರುವ ಬಸಲಿಂಗ ಕೊಟ್ಟ ಗೇಜುಗಳೆಲ್ಲ ದಾಖಲೆಯಲ್ಲಿ ಸರಿಯಾಗಿಯೇ ಇದ್ದವು. ತಪ್ಪೆಲ್ಲ ದ್ವಾರಕಾನಾಥರ ಪಾಳಿಯದ್ದೇ.

ಶ್ರೀಧರ್ ಒಳ್ಳೆಯವರು, ಗದರಿಸಲಿಲ್ಲ. ಪಕ್ಕಕ್ಕೆ ಕರೆದು, ವಯಸ್ಸಾಯಿತಲ್ಲ, ಬರುವ ತಿಂಗಳಿಂದ ಮನೆಯಲ್ಲಿ ಆರಾಮವಾಗಿರಿ ಎಂದು ಮೆಲ್ಲಗೆ ಹೇಳಿದರು. ಗದರಿಸಿದ್ದರೆ ತಡೆದುಕೊಳ್ಳಬಹುದಿತ್ತು. ಕೆಲಸ ಹೋದರೆ ಹೋಗಲಿ, ಪಿಂಚಣಿ ಬರುತ್ತದೆ. ಆದರೆ ತಪ್ಪು ಗೇಜು ಕೊಟ್ಟ ಮುದುಕ ಎಂಬ ಹೆಸರು ಹೊತ್ತು ಆ ಕಿಟಕಿಯಿಂದ ಏಳುವುದು ಹೇಗೆ?

ಸ್ಪೂರ್ತಿಗೆ ಫೋನ್ ಹೋಯಿತು. ಹೆಲ್ಮೆಟ್ ಹಿಡಿದುಕೊಂಡೇ ಒಳಗೆ ಬಂದಳು. ಎಲ್ಲರೆದುರು ಹತ್ತು ಸಾಲು ಮುಟ್ಟಿ ತೋರಿಸಿದಳು, ಹತ್ತೂ ಸರಿಯಾಗಿ ದಾಖಲಾದವು. ಪ್ರೋಗ್ರಾಮಿನಲ್ಲಿ ದೋಷವಿಲ್ಲ ಎಂದಳು. ಎಲ್ಲರ ಕಣ್ಣೂ ದ್ವಾರಕಾನಾಥರ ಮೇಲೆ ಬಿತ್ತು.

"ನೀನು ಮಾಡಿದ್ದು ನೋಡಿದ್ದಾಯ್ತು ಕಣಮ್ಮ," ಎಂದರು ಅವರು. "ಈಗ ನಾನು ದಿನಾ ಮಾಡೋ ಹಾಗೆ ಮಾಡ್ತೀನಿ, ನೀನು ನೋಡು."

ಲಿಸ್ಟು ತೆರೆದೊಡನೆ ಅವರು ಮಾಡಿದ ಮೊದಲ ಕೆಲಸವೆಂದರೆ ಮೇಲಿದ್ದ 'ಸೈಜ್' ಎಂಬ ತಲೆಬರಹವನ್ನು ಒತ್ತಿದ್ದು. ಸಾಲುಗಳು ಸರಸರನೆ ಜಾಗ ಬದಲಿಸಿ, ಚಿಕ್ಕ ಗೇಜಿನಿಂದ ದೊಡ್ಡ ಗೇಜಿನವರೆಗೆ ನಿಂತವು. ಅವರ ಹಳೆಯ ಕಾರ್ಖಾನೆಯಲ್ಲಿ ಕಪಾಟಿನ ಗೇಜುಗಳು ಹಾಗೇ ನಿಲ್ಲುತ್ತಿದ್ದವು, ಬೇರೆ ಕ್ರಮದಲ್ಲಿ ಹುಡುಕಲು ಅವರ ಕಣ್ಣಿಗೆ ಬರುತ್ತಲೇ ಇರಲಿಲ್ಲ. ಬಸಲಿಂಗನಿಗೆ ಆ ಗೋಜೇ ಇರಲಿಲ್ಲ, ಲಿಸ್ಟು ಬಂದ ಹಾಗೆಯೇ ಬಳಸುತ್ತಿದ್ದ. ದ್ವಾರಕಾನಾಥರು ಮೂರನೇ ಸಾಲು ಮುಟ್ಟಿದರು. ಪರದೆಯ ಮೇಲೆ ಅದು ಹನ್ನೆರಡು ಮಿಲಿಮೀಟರಿನ ಒಳ್ಳೆಯ ಗೇಜು. ಶ್ರೀಧರರ ಕಂಪ್ಯೂಟರಿನಲ್ಲಿ ದಾಖಲಾದದ್ದು ಸವೆದ ಗೇಜು.

ಸ್ಪೂರ್ತಿಯ ಮುಖ ಬಿಳಿಚಿಕೊಂಡಿತು. ಇನ್ನೊಮ್ಮೆ ಮುಟ್ಟಿ ನೋಡಿದಳು, ಮತ್ತೊಮ್ಮೆ ನೋಡಿದಳು. ಏನಾಯಿತು ಎಂದು ದ್ವಾರಕಾನಾಥರು ಕೇಳಿದಾಗ ಅವಳ ದನಿ ತಗ್ಗಿತ್ತು.

"ಪರದೆ ಮೇಲಿನ ಲಿಸ್ಟು ಬರೀ ತೋರಿಕೆ ಸಾರ್. ನಿಜವಾದ ಡೇಟಾ ಹಿಂದೆ ಇರುತ್ತೆ, ಮಾಡೆಲ್ ಅಂತೀವಿ. ನೀವು ಸೈಜ್ ಒತ್ತಿದಾಗ ತೋರಿಕೆ ಬದಲಾಯ್ತು, ಮಾಡೆಲ್ ಇದ್ದ ಹಾಗೇ ಇತ್ತು. ನೀವು ಮುಟ್ಟಿದ್ದು ತೋರಿಕೆಯ ಮೂರನೇ ಸಾಲು. ನಾನು ತಗೊಂಡಿದ್ದು ಮಾಡೆಲ್‌ನ ಮೂರನೇ ಸಾಲು."

ಗೇಜು ವಾಪಸ್ ಬಂದಾಗಲೂ ಅದೇ ತಪ್ಪು ಸಾಲಿಗೆ ಜಮೆಯಾಗುತ್ತಿದ್ದರಿಂದ ಸಂಜೆಗೆ ಎಲ್ಲವೂ ತಾಳೆಯಾಗುತ್ತಿತ್ತು, ಒಂದು ತಿಂಗಳು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ದ್ವಾರಕಾನಾಥರಿಗೆ ಇದು ಅರ್ಥವಾಗಲು ನಿಮಿಷವೂ ಬೇಕಾಗಲಿಲ್ಲ. ಅವರ ಕಾಲದಲ್ಲಿ ಸಾಮಾನು ಒಯ್ಯುವವನು ತನ್ನ ನಂಬರು ಕೊರೆದ ಹಿತ್ತಾಳೆ ಟೋಕನನ್ನು ಬೋರ್ಡಿನ ಮೊಳೆಗೆ ನೇತುಹಾಕಿ ಹೋಗುತ್ತಿದ್ದ.

"ಎಷ್ಟನೇ ಮೊಳೆ ಅಂತ ನಾವು ಎಣಿಸ್ತಾ ಇರ್ಲಿಲ್ಲ ಕಣಮ್ಮ," ಎಂದರು. "ಟೋಕನ್ ಮೇಲಿನ ನಂಬರ್ ಓದ್ತಿದ್ವಿ. ಬೋರ್ಡಿಗೆ ಬಣ್ಣ ಹೊಡೆದಾಗ ಮೊಳೆ ಹಿಂದೆ ಮುಂದೆ ಆಗ್ತಿತ್ತು, ನಂಬರ್ ಆಗ್ತಿರ್ಲಿಲ್ಲ. ನೀನೂ ಸಾಲು ಎಣಿಸಬೇಡ, ಗೇಜಿನ ನಂಬರನ್ನೇ ಕೇಳು."

ಸ್ಪೂರ್ತಿ ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತಳು. ಅರ್ಧ ಗಂಟೆಯಲ್ಲಿ ಸರಿಪಡಿಸಿದಳು. ಆಮೇಲೆ ಮೊದಲ ಪಾಳಿಯ ತಿಂಗಳ ದಾಖಲೆಯನ್ನೆಲ್ಲ ಸೈಜಿನ ಕ್ರಮಕ್ಕೆ ತಿರುಗಿಸಿ, ಆಪರೇಟರುಗಳ ಶೀಟುಗಳನ್ನು ಪಕ್ಕದಲ್ಲಿಟ್ಟು ಒಂದೊಂದೇ ನಂಬರು ಹೋಲಿಸಿದಳು. ದ್ವಾರಕಾನಾಥರು ಕೊಟ್ಟಿದ್ದ ಗೇಜುಗಳು ಇನ್ನೂರ ಹದಿನಾರು. ಇನ್ನೂರ ಹದಿನಾರೂ ಸರಿಯಾಗಿದ್ದವು.

ಆಗ ಆ ಹುಡುಗಿ ಎದ್ದು ನಿಂತು ಸಂಗಮೇಶರ ಮುಖ ನೋಡಿ ಹೇಳಿದಳು, ಯಾರೂ ಕೇಳುವ ಮೊದಲೇ. "ತಪ್ಪು ನಂದು ಸಾರ್. ಇವರದ್ದು ಒಂದೂ ಇಲ್ಲ." ಮೂವತ್ತೊಂದು ವರ್ಷದಲ್ಲಿ ಎಷ್ಟು ಎಂಜಿನಿಯರುಗಳನ್ನು ಕಂಡಿದ್ದರು ದ್ವಾರಕಾನಾಥರು! ಆ ಮಾತನ್ನು ಇಷ್ಟು ನೇರವಾಗಿ ಹೇಳಿದವರನ್ನು ಕಂಡಿರಲಿಲ್ಲ. ತಮ್ಮ ಹೆಸರು ಉಳಿದದ್ದಕ್ಕಿಂತ ಹೆಚ್ಚಾಗಿ ಇದಕ್ಕೇ ಅವರ ಎದೆ ಉಬ್ಬಿತು.

ಸಂಗಮೇಶ್ ಮುನ್ನೂರು ಪೀಸಿಗೂ ಸಹಿ ಹಾಕಿ ಹೊರಟರು. ಈಗ ಸಿಟ್ಟು ಬಂದದ್ದು ಶ್ರೀಧರರಿಗೆ. ಇಂಥ ಹಿರಿಯರಿಗೆ ಅವಮಾನ ಮಾಡಿಸಿದೆಯಲ್ಲ, ನಾಳೆಯಿಂದ ಬೇರೆಯವರ ಕೈಲಿ ಮಾಡಿಸುತ್ತೇನೆ, ಇವರನ್ನು ನೋಡಿ ಕಲಿ, ಇಡೀ ಸರ್ವೀಸಿನಲ್ಲಿ ಒಂದು ತಪ್ಪಿಲ್ಲ ಎಂದು ರೇಗಿದರು. ಸ್ಪೂರ್ತಿ ತಲೆ ತಗ್ಗಿಸಿ ಲ್ಯಾಪ್‌ಟಾಪ್ ಚೀಲಕ್ಕೆ ಹಾಕತೊಡಗಿದಳು.

ದ್ವಾರಕಾನಾಥರು ಅವಳ ಕೈಯನ್ನೇ ನೋಡುತ್ತ ನಿಂತರು. ಸುಮ್ಮನಿದ್ದಿದ್ದರೆ ಆ ದಿನ ಅವರದ್ದೇ ಆಗಿರುತ್ತಿತ್ತು.

"ಒಂದಿದೆ ಶ್ರೀಧರ್," ಎಂದರು. "ಸೇರಿದ ಎರಡನೇ ವರ್ಷ ತಪ್ಪು ಸೈಜಿನ ರೀಮರ್ ಕೊಟ್ಟೆ. ಕೊರೆದ ತೂತು ದೊಡ್ಡದಾಗಿ ಜಾಬ್ ಪೂರ್ತಿ ಹಾಳಾಯ್ತು. ನಮ್ಮ ಫೋರ್‌ಮನ್ ಯಾರಿಗೂ ಹೇಳದೆ ನನ್ನನ್ನ ಉಳಿಸಿಕೊಂಡ್ರು. ಆಮೇಲೆ ಮಾತ್ರ ತಪ್ಪಿಲ್ಲ. ಇವಳನ್ನ ಕಳಿಸಬೇಡಿ."

ಶ್ರೀಧರ್ ಸ್ಪೂರ್ತಿಯತ್ತ ತಿರುಗಿದರು. ನಾಳೆ ಬೆಳಿಗ್ಗೆ ಬಂದು ಉಳಿದ ಲಿಸ್ಟುಗಳನ್ನೂ ನೋಡಮ್ಮ ಎಂದು ಹೇಳಿ ಒಳಗೆ ಹೋದರು. ದ್ವಾರಕಾನಾಥರು ಬೆನ್ನು ನೆಟ್ಟಗೆ ಮಾಡಿಕೊಂಡು ಕಿಟಕಿಯ ಹಿಂದೆ ಕೂತರು. ಆ ರೀಮರಿನ ವಿಷಯವನ್ನು ಅವರು ಅಮ್ಮಣ್ಣಿಗೂ ಹೇಳಿರಲಿಲ್ಲ.