ಪಾಷಾ ಕುಡಿಯದ ಕಾಫಿ

ಅರಬ್ ನಾಡಿನ ನಮ್ಮ ಸಲ್ತ್ ಊರಿನಲ್ಲಿ ಹೆಣ್ಣು ಕೇಳಲು ಬಂದ ಹಿರಿಯ ಕಾಫಿ ಬಟ್ಟಲನ್ನು ಮುಟ್ಟದೆ ಎದುರಿಗಿಟ್ಟುಕೊಳ್ಳುತ್ತಾನೆ. ಕೇಳಿದ್ದು ಸಿಕ್ಕಿದರೆ ಮಾತ್ರ ಕುಡಿಯುತ್ತಾನೆ. ಕುಡಿಯದೆ ಎದ್ದು ಹೋದನೋ, ಹೆಣ್ಣಿನ ಅಪ್ಪನ ಮಾನ ಊರ ಬಾಯಿಗೆ ಬಿತ್ತು ಅಂತಲೇ ಲೆಕ್ಕ.

ನಾನು ಮೆಚ್ಚಿದ ಹುಡುಗ ಯಾಝನ್‌ಗೆ ನನ್ನನ್ನು ಕೇಳಲು ಅವನ ಕಡೆಯ ಹಿರಿಯರಾಗಿ ಬಂದವರು ಫವ್ವಾಜ್ ಪಾಷಾ. ನಿವೃತ್ತ ಸೇನಾಪತಿ, ಟಿವಿಯಲ್ಲಿ ಗುಡುಗುವ ಆಸಾಮಿ. ಔತಣಗಳಲ್ಲಿ ಅವರು ತಟ್ಟೆ ಮುಟ್ಟುವುದಿಲ್ಲ, ಎಂಥ ಮಿತಾಹಾರಿ ಎಂದು ಪತ್ರಿಕೆಗಳು ಹೊಗಳುತ್ತವೆ. ಮಿತಾಹಾರ ಎಲ್ಲಿಂದ ಬಂತು! ಅನ್ನನಾಳದ ತಳ ತೆರೆಯದ ಅಪರೂಪದ ಕಾಯಿಲೆ ಅವರಿಗೆ. ನುಂಗಿದ್ದು ಎದೆಯಲ್ಲೇ ನಿಂತುಬಿಡುತ್ತದೆ. ಇದು ಗೊತ್ತಿದ್ದದ್ದು ಅವರ ಡಾಕ್ಟರಿಗೆ ಮತ್ತು ಆ ಡಾಕ್ಟರ ಆಸ್ಪತ್ರೆಯಲ್ಲಿ ನರ್ಸ್ ಆದ ನನಗೆ ಮಾತ್ರ.

"ಹುಡುಗಿ ನಿಮ್ಮವಳೇ" ಎಂದ ಅಪ್ಪ, ಬೆನ್ನಿಗೇ ಷರತ್ತು ಹಾಕಿದ. ನನ್ನ ಅಣ್ಣನ ಮದುವೆಯಾಗುವ ತನಕ ಕಾಯಬೇಕು. ಅಪ್ಪನ ಅಕ್ಕನೂ ನನ್ನ ಜೊತೆ ಗಂಡನ ಮನೆಗೆ ಬರುತ್ತಾಳೆ. ನಾನು ಕೆಲಸ ಬಿಡಬೇಕು. ಕೊನೆಯದನ್ನು ಕೇಳಿ ಬಾಗಿಲ ಹಿಂದೆ ನನ್ನ ಕಣ್ಣು ತುಂಬಿತು. ಆ ಕೆಲಸ ನನಗೆ ಯಾಝನ್‌ನಷ್ಟೇ ಇಷ್ಟ, ಕೆಲವು ದಿನ ಅವನಿಗಿಂತ ಹೆಚ್ಚು.

"ಇನ್ನು ಕಾಫಿ ತಗೊಳ್ಳಿ ಪಾಷಾ" ಎಂದ ಅಪ್ಪ.

ಪಾಷಾ ಒಂದು ಗುಟುಕು ಹೀರಿದರು, ಎದೆ ಹಿಡಿದುಕೊಂಡರು, ಬಟ್ಟಲು ಕೆಳಗಿಟ್ಟರು. ಹಜಾರದಲ್ಲಿ ಎಲ್ಲರೂ ಬಟ್ಟಲೊಳಗೆ ಇಣುಕಿದರು. ಅರ್ಧಕ್ಕೆ ಬಿಟ್ಟ ಕಾಫಿ ಅಂದರೆ ಅರ್ಧ ಒಪ್ಪಿಗೆ.

ಅಪ್ಪ ಬಿಳಿಚಿಕೊಂಡ. "ಆಯ್ತು, ಮಗನ ಮದ್ವೆಗೆ ಕಾಯೋದ್ ಬೇಡ. ಈ ಬೇಸ್ಗೇಲೇ ಮುಗಿಸೋಣ."

ಪಾಷಾ ಮುಖ ಕಿವುಚಿ ತಲೆ ಅಲ್ಲಾಡಿಸಿದರು.

"ನಮ್ಮಕ್ಕ ಇಲ್ಲೇ ಇರ್ಲಿ ಬಿಡಿ!"

ಅತ್ತೆ ಒಳಗಿನಿಂದಲೇ ಕೂಗಿದಳು, "ನಾನೇನ್ ಹಳೇ ಕಂಬ್ಳೀನಾ, ಬೇಕಾದಾಗ ಹೊದ್ಕೊಂಡು ಬೇಡ್ದಾಗ ಬಿಸಾಕೋಕೆ?"

ಅಮ್ಮ ನನ್ನನ್ನು ತಿವಿದಳು. "ಇನ್ನೂ ಏನ್ ಬೇಕಂತೆ ಈ ಮನುಷ್ಯಂಗೆ?"

ಎದೆಯಲ್ಲಿ ನಿಂತದ್ದು ಇಳಿಯಲು ಬಿಸಿನೀರು ಬೇಕಿತ್ತು. ಅದು ನನಗೆ ಗೊತ್ತು. ಉಸಿರಿಗೆ ಅಪಾಯವಿಲ್ಲ ಎಂದೂ ಗೊತ್ತು. ಬಿಸಿನೀರಿನ ಜಗ್ ನನ್ನ ಕೈಯಲ್ಲೇ ಇತ್ತು. ನಾಚಿಕೆಯಾಯಿತು, ಆದರೂ ಅಲ್ಲಾಡಲಿಲ್ಲ.

"ಅವಳು ಕೆಲ್ಸಕ್ಕೂ ಹೋಗ್ಲಿ!" ಅಪ್ಪ ಕಿರುಚಿದ. "ಸಾಕಾ? ಇಲ್ಲ, ನನ್ ಮೀಸೆನೂ ಬೋಳಿಸ್ಕೊಡ್ಲಾ?"

ತಕ್ಷಣ ಅಣ್ಣನ ಕೈಯಲ್ಲಿ ನೀರು ಕಳಿಸಿದೆ. ಪಾಷಾ ಎದ್ದು ನೀರು ಕುಡಿದು, ಎದೆಯಲ್ಲಿ ನಿಂತದ್ದನ್ನು ಇಳಿಸುವವರಂತೆ ಎರಡೂ ಕೈ ಮೇಲೆತ್ತಿ ನಿಂತು, ಆಮೇಲೆ ಕಾಫಿ ಮುಗಿಸಿದರು. ಇದೂ ಯಾವುದೋ ಹಳೆಯ ಪದ್ಧತಿ ಇರಬೇಕೆಂದು ಬಂದವರೆಲ್ಲ ಎದ್ದು ಕೈ ಎತ್ತಿದರು. ಅಪ್ಪನೂ ಎತ್ತಿದ.

ಮುಂದಿನ ವಾರ ಪಾಷಾ ಆಸ್ಪತ್ರೆಗೆ ಬಂದರು.

"ಬೇಕಂತ್ಲೇ ನೀರು ತಡ ಮಾಡ್ದೆ ಪಾಷಾ. ಬೈದ್ಬಿಡಿ" ಎಂದೆ.

"ಬೈತೀನಿ, ಅಷ್ಟು ಬೇಗ ಯಾಕ್ ಕಳಿಸ್ದೆ ಅಂತ! ಆ ಗುಟುಕು ಸಲೀಸಾಗಿ ಇಳಿದಿತ್ತು ಮಗಳೇ."

ಡಾಕ್ಟರು ಪರೀಕ್ಷೆಯ ನಳಿಕೆ ಹಿಡಿದು ಹತ್ತಿರ ಬಂದರು. ಟಿವಿಯಲ್ಲಿ ಗುಡುಗುವ ಪಾಷಾ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು.

"ನೀನು ಕೆಲ್ಸ ಬಿಟ್ರೆ, ಇವರು ಇದನ್ನ ಗಂಟ್ಲಿಗೆ ಇಳಿಸುವಾಗ ನಾನ್ ಯಾರ ಕೈ ಹಿಡ್ಕೊಳ್ಲಿ?"