ದೊಡ್ಡ ಹೊಟ್ಟೆಯ ಗಿಟಾರು

ಅಕೌಸ್ಟಿಕ್ ಗಿಟಾರ್ ಕೊಳ್ಳಬೇಕೆಂಬ ಯೋಚನೆ ವಿಜೇತಾಳದ್ದಲ್ಲ, ರೋಹಿತನದ್ದು.

ಮೂಡುಬಿದಿರೆಯಲ್ಲಿ ಕಾಲೇಜು ಓದುವಾಗ ಇಬ್ಬರೂ ಸೇರಿ ಒಂದು ಬ್ಯಾಂಡ್ ಕಟ್ಟಿದ್ದರು. ಅವನು ಹಾಡುವುದು, ಕೀಬೋರ್ಡ್ ನುಡಿಸುವುದು. ಅವಳು ಎಲೆಕ್ಟ್ರಿಕ್ ಗಿಟಾರಿನಲ್ಲಿ ಲೀಡ್, ಅಂದರೆ ಹಾಡಿನ ನಡುವೆ ಮುಂದೆ ಬಂದು ಒಂಟಿಯಾಗಿ ನುಡಿಸುವವಳು. ಆಮೇಲೆ ಸೇರಿದ ಇಹ್ಸಾನ್ ಡ್ರಮ್ಸ್. ಮೆಹಂದಿ, ಆರತಕ್ಷತೆ, ಕಾಲೇಜ್ ಡೇ ಎಂದು ಸುತ್ತಲಿನ ಮೂರು ತಾಲೂಕುಗಳಲ್ಲಿ ಅವರು ಹತ್ತದ ಸ್ಟೇಜ್ ಕಡಿಮೆ. ಹಾಡಿನ ನಡುವೆ ರೋಹಿತ್ ಮೈಕಿನಿಂದ ಹಿಂದೆ ಸರಿದು "ವಿಜೇತಾ!" ಎಂದು ಕೂಗಿದರೆ, ಊಟದ ಸಾಲಿನಲ್ಲಿ ನಿಂತವರೂ ತಟ್ಟೆ ಹಿಡಿದುಕೊಂಡೇ ಸ್ಟೇಜಿನ ಕಡೆ ತಿರುಗುತ್ತಿದ್ದರು. ಅವಳ ಊರಾದ ವೇಣೂರಿನ ಪೇಟೆಯಲ್ಲಿ ಅವಳನ್ನು ಹೆಸರಿನಿಂದ ಗುರುತಿಸುವವರಿಗಿಂತ 'ಗಿಟಾರಿನವಳು' ಎಂದು ಗುರುತಿಸುವವರೇ ಹೆಚ್ಚು.

ರೋಹಿತನ ತಂದೆ ಹಾಸಿಗೆ ಹಿಡಿದ ವರ್ಷ ಅವನು ಬ್ಯಾಂಡ್ ಮುಚ್ಚಿಬಿಡುವ ಅಂದಿದ್ದ. ಆಗ ಬುಕಿಂಗ್ ಹಿಡಿದು, ಸೌಂಡಿನವರ ಹತ್ತಿರ ಜಗಳ ಮಾಡಿ, ಬದಲಿ ಹಾಡುಗಾರರನ್ನು ಹುಡುಕಿ ಅದನ್ನು ಉಳಿಸಿಕೊಂಡವಳು ವಿಜೇತಾ. ಅವನು ತಿರುಗಿ ಬಂದಾಗ ಮೈಕನ್ನು ಅವನ ಕೈಗೇ ಕೊಟ್ಟಳು. ಅದೊಂದು ಉಪಕಾರ ಎಂದು ಅವಳಿಗೆ ಯಾವತ್ತೂ ಅನಿಸಿರಲಿಲ್ಲ. ಅಣ್ಣತಮ್ಮಂದಿರಿಲ್ಲದ ಅವಳಿಗೆ ರೋಹಿತ್ ಒಡಹುಟ್ಟಿದವನ ಹಾಗೆಯೇ ಇದ್ದ.

ಈಚೆಗೆ ಬುಕಿಂಗಿನ ರೀತಿ ಬದಲಾಗಿತ್ತು. ರೆಸಾರ್ಟಿನವರಿಗೆ, ಸಣ್ಣ ಮದುವೆ ಮಾಡುವವರಿಗೆ ದೊಡ್ಡ ಬಾಕ್ಸುಗಳ ಅಬ್ಬರ ಬೇಡ. ನಾಲ್ಕು ಕುರ್ಚಿ ಹಾಕಿ, ಮೆತ್ತಗೆ, ಹತ್ತಿರ ಕೂತು ಹಾಡಬೇಕು. ಇಹ್ಸಾನ್ ಡ್ರಮ್ಸ್ ಬಿಟ್ಟು ಮರದ ಪೆಟ್ಟಿಗೆಯಂಥ ಕಹೋನ್ ಮೇಲೆ ಕೂತು ಬಡಿಯಲು ಕಲಿತ. ಒಂದು ದಿನ ರೋಹಿತ್ ಹೇಳಿದ, "ನಿನಗೂ ಒಂದು ಅಕೌಸ್ಟಿಕ್ ನೋಡುವ ಮಾರಾಯ್ತಿ. ನಾನೂ ಬರ್ತೇನೆ."

ಬಿ.ಸಿ. ರೋಡಿನಲ್ಲಿ ರವೂಫಾಕನ ಅಂಗಡಿ. ಅಬ್ದುಲ್ ರವೂಫ್ ದುಬೈಯಲ್ಲಿ ಇಂಥದೇ ಅಂಗಡಿಯೊಂದರಲ್ಲಿ ಕೆಲಸ ಮಾಡಿ ಬಂದು, ಊರಿನಲ್ಲಿ ತಬಲಾ, ಹಾರ್ಮೋನಿಯಂ, ಗಿಟಾರ್ ಮಾರಲು ಕೂತವರು. ಬಾಯಿ ತುಂಬ ಮಾತಾಡುವ ಮನುಷ್ಯ. ವಿಜೇತಾಳ ಮುಂದೆ ಅವರು ಬೇರೆ ಬೇರೆ ಆಕಾರದ ಗಿಟಾರುಗಳನ್ನು ತಂದಿಟ್ಟರು.

ಅಂಗೈ ಅಗಲ ದಪ್ಪವೂ ಇಲ್ಲದ ಎಲೆಕ್ಟ್ರಿಕ್ ಗಿಟಾರನ್ನು ಮೈಗೆ ಅಂಟಿಸಿಕೊಂಡು ಬೆಳೆದವಳಿಗೆ ಇವುಗಳ ಟೊಳ್ಳು ಹೊಟ್ಟೆಗಳೇ ವಿಚಿತ್ರವೆನಿಸಿದವು. ಮೊದಲು ಎತ್ತಿಕೊಂಡದ್ದು ಡ್ರೆಡ್‌ನಾಟ್ ಎಂಬ ದೊಡ್ಡದು. ಅಗಲ ಭುಜ, ದಪ್ಪ ಸೊಂಟ, ಮಗುವನ್ನು ಕೂರಿಸಬಹುದಾದಷ್ಟು ದೊಡ್ಡ ಹೊಟ್ಟೆ. ಬಲಗೈಯನ್ನು ಅದರ ಅಂಚಿನ ಮೇಲಿಂದ ಇಳಿಸಲು ಅವಳು ಭುಜವನ್ನು ಕಿವಿಯವರೆಗೆ ಎತ್ತಬೇಕಾಯಿತು. ತಂತಿ ಎಳೆದರೆ ಮಾತ್ರ ಅಂಗಡಿಯ ಗಾಜು ನಡುಗುವಂಥ ಗಂಭೀರ ಸದ್ದು.

ಇನ್ನೊಂದು ಚಿಕ್ಕದು, ಆಡಿಟೋರಿಯಂ ಎಂಬ ಆಕಾರದ್ದು. ಸೊಂಟ ಸಣ್ಣಗೆ ಒಳಗೆ ಸರಿದದ್ದರಿಂದ ತೊಡೆಯ ಮೇಲೆ ತಾನಾಗಿ ಕೂತಿತು. ಮೈ ತೆಳ್ಳಗೆ. ಕುತ್ತಿಗೆ ಸೇರುವಲ್ಲಿ ಕೆಳಗಿನ ಭುಜವನ್ನು ಒಂದಿಷ್ಟು ಕತ್ತರಿಸಿ ತೆಗೆದ ಹಾಗಿತ್ತು; ಎಡಗೈ ತಡೆಯಿಲ್ಲದೆ ಮೇಲಿನ ಸ್ವರಗಳಿಗೆ ಏರಿತು, ಅವಳ ಎಲೆಕ್ಟ್ರಿಕ್ಕಿನಲ್ಲಿ ಏರುವಂತೆಯೇ. ತಂತಿ ದಪ್ಪ, ಬೆರಳಿಗೆ ಕಷ್ಟ, ಆದರೆ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತಿತ್ತು.

"ಇದು ನನ್ನ ಕೈಗೆ ಬರ್ತದೆ," ಅಂದಳು.

ರೋಹಿತ್ ತಲೆಯಾಡಿಸಿದ. "ಇಲ್ಲಿ ಚಂದ ಕೇಳ್ತದೆ, ಹೊರಗೆ ಹೋದರೆ ಸತ್ತುಹೋಗ್ತದೆ. ನೀನು ಇಷ್ಟು ವರ್ಷ ನುಡಿಸಿದ್ದು ಆಂಪ್ಲಿಫೈಯರ್ ಹಾಕಿಕೊಂಡು. ಅಕೌಸ್ಟಿಕ್ಕಿನಲ್ಲಿ ಹೊಟ್ಟೆಯೇ ಆಂಪ್ಲಿಫೈಯರ್. ದೊಡ್ಡದೇ ತೆಕ್ಕೊ."

"ದೊಡ್ಡದರಲ್ಲಿ ಮೇಲೆ ಕೈ ಹೋಗುವುದಿಲ್ಲ ರೋಹಿತಾ. ಅರ್ಧಕ್ಕೇ ಹೊಟ್ಟೆ ಅಡ್ಡ ಬರ್ತದೆ. ಸೋಲೋ ಹೇಗೆ?"

"ಅಷ್ಟು ಮೇಲೆ ಹೋಗುವ ಕೆಲಸ ಇರುವುದಿಲ್ಲ ಇದರಲ್ಲಿ. ಸ್ವಲ್ಪ ದಿನ ನುಡಿಸಿದರೆ ಭುಜ ಒಗ್ಗಿಕೊಳ್ತದೆ. ನಾನು ಸುಳ್ಳು ಹೇಳ್ತೇನಾ ನಿನಗೆ?"

ಅವನು ನಗುತ್ತಾ ಕೇಳಿದ ಪ್ರಶ್ನೆ ಅದು. ಅವಳೂ ನಕ್ಕಳು. ದೊಡ್ಡದನ್ನೇ ಕಟ್ಟಿಸಿಕೊಂಡು ಬಂದಳು.

ವೇಣೂರಿನ ಮನೆಯಲ್ಲಿ ಅದನ್ನು ಒಗ್ಗಿಸಿಕೊಳ್ಳಲು ಅವಳು ಪಟ್ಟ ಪಾಡನ್ನು ಅಮ್ಮ ಕಾಂತಿ ದಿನಾ ನೋಡಿದರು. ಅರ್ಧ ಗಂಟೆ ನುಡಿಸಿದರೆ ಬಲಗೈ ಜೋಮು ಹಿಡಿದು ಬೆರಳುಗಳಲ್ಲಿ ತಂತಿ ಮೀಟುವ ಪಿಕ್ ನಿಲ್ಲುತ್ತಿರಲಿಲ್ಲ. "ಅದು ನಿನ್ನನ್ನು ನುಡಿಸುವುದಾ, ನೀನು ಅದನ್ನು ನುಡಿಸುವುದಾ?" ಎಂದು ಕಾಂತಿ ಎಣ್ಣೆ ಬಿಸಿ ಮಾಡಿ ತಂದು ಭುಜಕ್ಕೆ ಹಚ್ಚುತ್ತಿದ್ದರು. ಆದರೂ ಅವಳು ಹಟ ಬಿಡಲಿಲ್ಲ. ಹೊಸ ಕಾರ್ಯಕ್ರಮಕ್ಕೆಂದು ಎರಡು ಹಾಡುಗಳಿಗೆ ತಾನೇ ಆರಂಭದ ಲೀಡ್ ಕಟ್ಟಿ, ಫೋನಿನಲ್ಲಿ ಹಿಡಿದು, ಭುಜ ನೋಯುತ್ತದೆಂಬ ಮಾತನ್ನೂ ಸೇರಿಸಿ ರೋಹಿತನಿಗೆ ಕಳುಹಿಸಿದಳು. ಅವನಿಂದ ಬಂದದ್ದು ಹೆಬ್ಬೆಟ್ಟು ಎತ್ತಿದ ಚಿತ್ರ, ಅದರ ಹಿಂದೆ ಒಂದು ಮಾತು: "ಈಗ ಬರೀ ಕಾರ್ಡ್ ಗಟ್ಟಿ ಮಾಡ್ಕೊ, ಹಾಡಿನ ಹಿಂದೆ ತಂತಿ ಒಟ್ಟಿಗೆ ಹೊಡೆಯುವುದು. ಲೀಡ್ ಆಮೇಲೆ ನೋಡುವ."

ಭುಜದ ನೋವು ಕುತ್ತಿಗೆಗೆ ಹತ್ತಿದಾಗ ಅವಳು ತೀರ್ಮಾನ ಮಾಡಿದಳು: ಬದಲಾಯಿಸುವುದೇ ಸರಿ. ರೋಹಿತನಿಗೆ ಹೇಳಿದರೆ ಮತ್ತೆ ಒಪ್ಪಿಸಿಬಿಡುತ್ತಾನೆಂದು ಹೇಳದೆ ಸಿದ್ದಕಟ್ಟೆಯ ಮೇಲೆ ಬಿ.ಸಿ. ರೋಡಿಗೆ ಹೋಗುವ ಬಸ್ಸು ಹಿಡಿದಳು. ಗಿಟಾರಿನ ಚೀಲಕ್ಕೆ ಬಸ್ಸಿನಲ್ಲಿ ಜಾಗ ಸಿಗದೆ ಕಂಡಕ್ಟರನ ಬೈಗುಳವನ್ನೂ ತಿಂದಳು.

ರವೂಫಾಕ ತಕರಾರು ಮಾಡಲಿಲ್ಲ. ಗಿಟಾರನ್ನು ತಿರುಗಿಸಿ ನೋಡಿ, ಗೀರು ಇಲ್ಲವೆಂದು ಸಮಾಧಾನಪಟ್ಟು, "ಬದಲಾಯಿಸುವ, ಅದಕ್ಕೇನು," ಅಂದರು. ಚಿಕ್ಕದನ್ನು ಕೆಳಗಿಳಿಸುತ್ತಾ ಮಾತು ಮುಂದುವರಿಸಿದರು. "ಆದರೆ ಒಂದೇ ಬ್ಯಾಂಡಿಗೆ ಚಿಕ್ಕದು ಎರಡೆರಡು ಎಂತಕ್ಕೆ? ಮೊನ್ನೆ ರೋಹಿತ್ ಆ ಹುಡುಗಿಯನ್ನು ಕರ್ಕೊಂಡು ಬಂದು ಇದೇ ಆಕಾರದ್ದು ತೆಕ್ಕೊಂಡು ಹೋದನಲ್ಲ. ಲೀಡಿಗೆ ಇದು, ಹಿಂದೆ ಕಾರ್ಡ್ ಹೊಡೆಯುವುದಕ್ಕೆ ದೊಡ್ಡದು ಉಂಟು, ಅದು ವಿಜೇತಾಳ ಹತ್ತಿರ ಉಂಟು ಅಂತ ಅವನೇ ಹೇಳಿದ್ದು."

"ಯಾವ ಹುಡುಗಿ?"

"ಬೆಳ್ತಂಗಡಿಯವಳು. ಫೋನಿನಲ್ಲಿ ಬರ್ತಾಳಲ್ಲ, ಗಿಟಾರ್ ಹಿಡ್ಕೊಂಡು... ದೀಪಶ್ರೀ."

ರವೂಫಾಕ ಇನ್ನೂ ಏನೇನೋ ಹೇಳುತ್ತಿದ್ದರು. ವಿಜೇತಾಳಿಗೆ ಕೇಳಿಸಿದ್ದು ಒಂದೇ ಹೆಸರು. ದೀಪಶ್ರೀ ಅವಳದೇ ಶಿಷ್ಯೆ. ಆ ಹುಡುಗಿಗೆ ಪಿಕ್ ಹಿಡಿಯಲು ಬಾರದ ಕಾಲದಿಂದ ಕಲಿಸಿದವಳು ವಿಜೇತಾ; ಬೆರಳ ತುದಿ ಸುಲಿದು ಅತ್ತಾಗ ಕೈ ಹಿಡಿದು ಊದಿದವಳು. ಈಗ ಅವಳ ವಿಡಿಯೋಗಳನ್ನು ಸಾವಿರಾರು ಜನ ನೋಡುತ್ತಾರೆಂದು ಎಲ್ಲರ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದವಳೂ ತಾನೇ.

ಆ ದಿನ ಅಂಗಡಿಯಲ್ಲಿ ನಡೆದ ಒಂದೊಂದು ಮಾತೂ ಈಗ ಬೇರೆಯೇ ಅರ್ಥದಲ್ಲಿ ಅವಳೆದುರು ಬಂದು ನಿಂತಿತು. ಮೇಲೆ ಹೋಗುವ ಕೆಲಸ ಇರುವುದಿಲ್ಲ ಅಂದಿದ್ದ ರೋಹಿತ್. ಅದು ಗಿಟಾರಿನ ವಿಷಯ ಆಗಿರಲೇ ಇಲ್ಲ. ಅವಳನ್ನು ಎಲ್ಲಿ ಕೂರಿಸಬೇಕೆಂದು ಮೊದಲೇ ನಿಶ್ಚಯಿಸಿಕೊಂಡು, ಆ ಜಾಗಕ್ಕೆ ತಕ್ಕ ಗಿಟಾರನ್ನು ಅವಳ ಕೈಯಿಂದಲೇ ಕೊಳ್ಳಿಸಿದ್ದ.

ಚಿಕ್ಕ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಅವಳು ಮನೆಯ ಕಡೆ ಹೋಗಲಿಲ್ಲ. ಬೆಳ್ತಂಗಡಿಯ ಬಸ್ಸು ಹತ್ತಿದಳು. ಪುಂಜಾಲಕಟ್ಟೆ ದಾಟುವವರೆಗೂ ಸಿಟ್ಟೆಲ್ಲ ದೀಪಶ್ರೀಯ ಮೇಲೇ ಇತ್ತು. ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಹರಿತ ಮಾಡಿಕೊಂಡು ಹೋದಳು.

ದೀಪಶ್ರೀ ಬಾಗಿಲು ತೆರೆದವಳೇ ಮುಖ ಅರಳಿಸಿ, "ಅಯ್ಯೋ, ಟೀಚರ್!" ಎಂದು ಚೀಲ ಇಳಿಸಲು ಕೈ ಚಾಚಿದಳು. "ಭುಜ ನೋವು ಇಟ್ಕೊಂಡು ಇದನ್ನೆಲ್ಲ ಹೊತ್ಕೊಂಡು ಬರುವುದಾ? ಈಗ ಹೇಗೆ ಉಂಟು?"

ವಿಜೇತಾ ಹೊಸ್ತಿಲಲ್ಲೇ ನಿಂತಳು. "ನನ್ನ ಭುಜದ ವಿಷಯ ನಿನಗೆ ಯಾರು ಹೇಳಿದ್ದು?"

"ರೋಹಿತಣ್ಣ. ಇನ್ನು ಲೀಡ್ ಆಗುವುದಿಲ್ಲ, ಹಿಂದೆ ಕೂತು ನುಡಿಸ್ತೇನೆ, ನನ್ನ ಜಾಗಕ್ಕೆ ದೀಪಶ್ರೀಯನ್ನೇ ಕರಿ ಅಂತ ನೀವೇ ಹೇಳಿದ್ದಂತೆ." ಹುಡುಗಿಯ ಕಣ್ಣು ತುಂಬಿತು. "ನಾನು ಆ ದಿನವೇ ಫೋನ್ ಮಾಡ್ತಿದ್ದೆ ಟೀಚರ್. ಅವರೇ ಬೇಡ ಅಂದರು. ನಿಮಗೆ ಈಗ ಆ ಮಾತು ಎತ್ತಿದರೆ ಬೇಜಾರಾಗ್ತದೆ ಅಂತ."

ಹರಿತ ಮಾಡಿಕೊಂಡು ತಂದ ಮಾತುಗಳಲ್ಲಿ ಒಂದೂ ವಿಜೇತಾಳ ಬಾಯಿಗೆ ಬರಲಿಲ್ಲ. ಜಾಗ ಕಿತ್ತುಕೊಂಡದ್ದು ಒಂದು. ತನ್ನ ಹೆಸರಿನಲ್ಲೇ, ತಾನೇ ದಾನ ಮಾಡಿದ ಹಾಗೆ ಮಾಡಿ ಕಿತ್ತುಕೊಂಡದ್ದು ಇನ್ನೊಂದು. ರವೂಫಾಕನ ಅಂಗಡಿಯಲ್ಲಿ ಆದ ನೋವು ಇದರೆದುರು ಸಣ್ಣದಾಯಿತು.

ಅವಳು ಒಳಗೆ ಬಂದು ಕೂತು ನೀರು ಕುಡಿದಳು. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ದೀಪಶ್ರೀ ಅಳುತ್ತಾ, "ನಾನು ಹೋಗುವುದಿಲ್ಲ, ಈಗಲೇ ಹೇಳಿಬಿಡ್ತೇನೆ," ಅಂದಳು.

"ಹೋಗುವುದು ಬಿಡುವುದು ನಿನಗೆ ಬಿಟ್ಟದ್ದು. ನಿನ್ನ ಕೈ ಚಂದ ಉಂಟು, ಅದರಲ್ಲಿ ಸುಳ್ಳಿಲ್ಲ. ಆದರೆ ನಾನು ಕಳಿಸಿದ್ದು ಅಂತ ಅವನು ಎಲ್ಲಿ ಹೇಳಿದರೂ, ಅಲ್ಲ ಅಂತ ಅಲ್ಲೇ ಹೇಳಬೇಕು. ಅಷ್ಟು ಮಾಡು."

ಮರುದಿನ ಸಂಜೆ ಮೂಡುಬಿದಿರೆಯಲ್ಲಿ ಅಭ್ಯಾಸ ಇತ್ತು. ಬೇಕರಿಯೊಂದರ ಮೇಲಿನ ಬಾಡಿಗೆ ಕೋಣೆ. ಕೆಳಗಿನಿಂದ ಬನ್ನು ಬೇಯುವ ಪರಿಮಳ ಬರುತ್ತಿತ್ತು. ರೋಹಿತ್ ಮತ್ತು ಇಹ್ಸಾನ್ ಮಾತ್ರ ಇದ್ದರು. ವಿಜೇತಾ ಚೀಲದ ಜಿಪ್ ಎಳೆದು ಚಿಕ್ಕ ಗಿಟಾರನ್ನು ಹೊರತೆಗೆದಳು. ಅದನ್ನು ನೋಡಿದೊಡನೆ ರೋಹಿತನ ಮುಖ ಬದಲಾಯಿತು. ಇಹ್ಸಾನ್ ಕಹೋನಿನ ಮೇಲೆ ಕೂತಲ್ಲೇ ತಲೆ ತಗ್ಗಿಸಿದ. ಅವನಿಗೂ ಗೊತ್ತಿತ್ತೆಂದು ಅವಳಿಗೆ ಆಗಲೇ ತಿಳಿದದ್ದು.

"ಬದಲಾಯಿಸಿದೆಯಾ?" ಅಂದ ರೋಹಿತ್.

"ಹೌದು. ನಿನ್ನೆ ಬೆಳ್ತಂಗಡಿಗೂ ಹೋಗಿ ಬಂದೆ."

ಅವನು ಕೀಬೋರ್ಡಿನ ವೈರನ್ನು ಸುಮ್ಮನೆ ಸುತ್ತಿದ, ಬಿಚ್ಚಿದ. "ನೋಡು, ರೆಸಾರ್ಟಿನವರು ಈಗ ವಿಡಿಯೋ ನೋಡಿ ಬುಕ್ ಮಾಡುವುದು. ದೀಪಶ್ರೀ ಇದ್ದರೆ ಬರ್ತಾರೆ. ನಿನ್ನನ್ನು ತೆಗೆಯಲಿಲ್ಲವಲ್ಲ ನಾನು! ನಿನಗೂ ಜಾಗ ಇಟ್ಟಿದ್ದೇನೆ."

"ಇದನ್ನು ನನ್ನ ಹತ್ತಿರ ಹೇಳಬಹುದಿತ್ತು."

"ಹೇಳಿದ್ದರೆ ನಿನಗೆ ಬೇಜಾರಾಗ್ತಿತ್ತು."

"ಆಗ್ತಿತ್ತು. ಎರಡು ದಿನ ಮಾತು ಬಿಡ್ತಿದ್ದೆ, ಆಮೇಲೆ ನಾನೇ ಅವಳಿಗೆ ಹಾಡು ಕಲಿಸ್ತಿದ್ದೆ. ನಿನಗೆ ನನ್ನ ಗುರುತು ಅಷ್ಟೂ ಇಲ್ಲವಾ?" ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. "ಸುಳ್ಳು ಹೇಳ್ತೇನಾ ಅಂತ ಕೇಳಿ ನನಗೆ ಆ ಪೆಟ್ಟಿಗೆ ಹೊರಿಸಿದೆ. ಅದನ್ನು ತಬ್ಬಿಕೊಂಡು ನಾನು ಒದ್ದಾಡುವಾಗ ಹೆಬ್ಬೆಟ್ಟು ಕಳಿಸಿದೆ. ಆ ನೋವನ್ನೇ ಒಯ್ದು ಅವಳ ಹತ್ತಿರ ನೆಪ ಮಾಡಿದೆ. ಇಷ್ಟೆಲ್ಲ ಕಷ್ಟ ಯಾಕೆ ಪಟ್ಟೆ ರೋಹಿತಾ? ಒಂದು ಮಾತಿನಲ್ಲಿ ಮುಗಿಯುತ್ತಿತ್ತು."

ಅವನು ವೈರನ್ನು ನೆಲಕ್ಕೆ ಇಟ್ಟ. "ಬರುವ ವಾರ ಪುತ್ತಿಗೆಯಲ್ಲಿ ಮದುವೆಯ ಕಾರ್ಯಕ್ರಮ ಉಂಟು," ಎಂದು ಮಾತ್ರ ಗೊಣಗಿದ.

"ನನಗೆ ಇಲ್ಲ," ಅಂದಳು ವಿಜೇತಾ. ಗಿಟಾರನ್ನು ಚೀಲಕ್ಕೆ ಹಾಕಿ ಮೆಟ್ಟಿಲಿಳಿದಳು. ಯಾರೂ ಹಿಂದೆ ಕೂಗಲಿಲ್ಲ.

ಪುತ್ತಿಗೆಯಲ್ಲಿ ಆದದ್ದನ್ನು ಅವಳಿಗೆ ಹೇಳಿದವನು ಇಹ್ಸಾನ್. ಕಾರ್ಯಕ್ರಮದ ಮರುದಿನ ಬೆಳಿಗ್ಗೆ ಬೈಕಿನಲ್ಲಿ ವೇಣೂರಿಗೆ ಬಂದು, ಅಂಗಳದಲ್ಲಿ ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತ. ವಿಜೇತಾ ಜಗಲಿಯಲ್ಲಿ ಕೂತು ತಂತಿ ಬದಲಾಯಿಸುತ್ತಿದ್ದಳು. ಎಲೆಕ್ಟ್ರಿಕ್ಕಿನ ಅಭ್ಯಾಸಕ್ಕೆ ಹತ್ತಿರವಾಗಲೆಂದು ಒಂದು ಹಂತ ತೆಳ್ಳಗಿನ ತಂತಿ ತರಿಸಿಕೊಂಡಿದ್ದಳು.

"ರೋಹಿತಣ್ಣ ಮೈಕಿನಲ್ಲಿ ಹೇಳಿದ ಅಕ್ಕಾ, ನಮ್ಮ ವಿಜೇತಾಳಿಗೆ ವಿಶ್ರಾಂತಿ, ಅವಳೇ ಆಶೀರ್ವಾದ ಮಾಡಿ ಶಿಷ್ಯೆಯನ್ನು ಕಳಿಸಿದ್ದಾಳೆ ಅಂತ. ಚಪ್ಪಾಳೆ ಬಿತ್ತು. ದೀಪಶ್ರೀ ತನ್ನ ಮೈಕ್ ಎಳ್ಕೊಂಡು, 'ಇಲ್ಲ, ಟೀಚರ್ ನನ್ನನ್ನು ಕಳಿಸಲಿಲ್ಲ, ಅವರಿಗೆ ಇದು ಗೊತ್ತೇ ಇರಲಿಲ್ಲ,' ಅಂದಳು. ಮದುಮಗನ ಕಡೆಯವರೆಲ್ಲ ಮುಖ ಮುಖ ನೋಡಿಕೊಂಡರು. ಆಮೇಲೆ ಅವಳು ಕಾರ್ಯಕ್ರಮ ಮುಗಿಸಿಯೇ ಕೊಟ್ಟಳು, ಚಂದ ನುಡಿಸಿದಳು. ಇನ್ನು ಬರುವುದಿಲ್ಲ ಅಂತ ಅಲ್ಲೇ ಹೇಳಿ ಹೋದಳು."

ಗೆದ್ದ ಹಾಗೆ ಅನಿಸಬಹುದೆಂದು ವಿಜೇತಾ ಕಾದಳು. ಹಾಗೇನೂ ಅನಿಸಲಿಲ್ಲ. ಅಷ್ಟು ಜನರೆದುರು ಪೆಚ್ಚಾಗಿ ನಿಂತ ರೋಹಿತನ ಮುಖ ಕಣ್ಣ ಮುಂದೆ ಬಂದು, ಅಯ್ಯೋ ಅನಿಸಿತು. ಹಾಗೆ ಅನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

"ನಾವೇ ಏನಾದರೂ ಮಾಡುವನಾ?" ಇಹ್ಸಾನ್ ಮೆಲ್ಲಗೆ ಕೇಳಿದ. "ನಿಮ್ಮ ಆ ಗಿಟಾರು, ನನ್ನ ಕಹೋನ್. ದೀಪಶ್ರೀಯೂ ಬರ್ತಾಳೆ."

"ನಿನಗೆ ಎಷ್ಟು ದಿನದಿಂದ ಗೊತ್ತಿತ್ತು?"

ಅವನು ಹೆಲ್ಮೆಟ್ಟಿನ ಪಟ್ಟಿಯನ್ನು ಎಳೆಯುತ್ತಾ ನಿಂತ. "ಮೊದಲಿಂದ," ಅಂದ ಕೊನೆಗೆ. "ಹೇಳಬೇಕಿತ್ತು. ಹೇಳಲಿಲ್ಲ."

ವಿಜೇತಾ ತಂತಿಯನ್ನು ಬಿಗಿಮಾಡಿ, ಮೀಟಿ, ಕಿವಿಯಿಟ್ಟು ಕೇಳಿದಳು. ಶ್ರುತಿ ಇನ್ನೂ ಒಂದಿಷ್ಟು ಇಳಿದೇ ಇತ್ತು. ಹೊಸ ತಂತಿ ಅಷ್ಟು ಬೇಗ ನಿಲ್ಲುವುದಿಲ್ಲ.

"ಒಳಗೆ ಬಾ," ಅಂದಳು. "ಅಮ್ಮ ಚಾ ಮಾಡ್ತಾರೆ. ಕುಡಿದು ಹೋಗು. ಬೇರೆ ಮಾತು ಈಗ ಬೇಡ ಇಹ್ಸಾನ್, ನನ್ನಿಂದ ಆಗುವುದಿಲ್ಲ."

ಅವನು ಚಪ್ಪಲಿ ಕಳಚಿ ಜಗಲಿಯ ಅಂಚಿನಲ್ಲಿ ಕೂತ. ಅವಳು ಮುಂದಿನ ತಂತಿಯ ಸುರುಳಿ ಬಿಚ್ಚಿದಳು.